ಔಷಧದ ಜಾಹೀರಾತನ್ನು ತಡೆದರೆ ತಿಳಿವಳಿಕೆಯನ್ನು ಬಚ್ಚಿಟ್ಟಂತಾಗುವುದೇ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರಗಳು. ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ನಾವಿಬ್ಬರೂ ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆವು. ಅಲ್ಲಿ ಟಿವಿಯಲ್ಲಿ ಸಂಜೆಯ ವಾರ್ತೆಯ ನಡುವೆ ಬರುವ ಜಾಹೀರಾತುಗಳಲ್ಲಿ ಬಹುಪಾಲು ಔಷಧಗಳದ್ದೇ. ನಮ್ಮ ಯಜಮಾನರಿಗೆ ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಅವರು ಜಾರ್ಡಿಯನ್ಸ್ ಎಂಬ ಮಾತ್ರೆಯ ಹೆಸರನ್ನು ಬರೆದುಕೊಂಡು ಬಂದಿದ್ದಾರೆ, ನಮ್ಮ ಡಾಕ್ಟರಲ್ಲಿ ಅದನ್ನೇ ಕೇಳುತ್ತೇನೆ ಎನ್ನುತ್ತಿದ್ದಾರೆ. ಇಂಥ ಜಾಹೀರಾತಿಗೆ ಭಾರತದಲ್ಲಿ ಅವಕಾಶವಿಲ್ಲ, ಅಮೆರಿಕದಲ್ಲೂ ಈಗ ಬಿಗಿ ಮಾಡುವ ಮಾತು ನಡೆದಿದೆ ಎಂದು ಅಳಿಯಂದಿರು ಹೇಳಿದರು. ನನ್ನ ಪ್ರಶ್ನೆ ಇಷ್ಟೇ. ಔಷಧವನ್ನು ನುಂಗುವವರು ನಾವು. ಅದರ ಬಗ್ಗೆ ನಮಗೆ ತಿಳಿಯಬಾರದೇ? ಜಾಹೀರಾತನ್ನು ನಿಷೇಧಿಸುವುದು ನಮ್ಮಿಂದ ವಿಷಯವನ್ನು ಬಚ್ಚಿಟ್ಟಂತೆ ಅಲ್ಲವೇ?

ಉತ್ತರ: ಮಾನ್ಯರೇ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ತಾನು ನುಂಗುವ ಔಷಧದ ಬಗ್ಗೆ ತಿಳಿಯುವ ಹಕ್ಕು ರೋಗಿಗೆ ಇದೆಯೇ ಎಂಬುದು ಒಂದು. ಆ ತಿಳಿವಳಿಕೆಯನ್ನು ಜಾಹೀರಾತು ಕೊಡುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಖಂಡಿತವಾಗಿ ಹೌದು, ಎರಡನೆಯದಕ್ಕೆ ಇಲ್ಲ. ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಗಳನ್ನು ಜನಸಾಮಾನ್ಯರಿಗೆ ಜಾಹೀರಾತಿನ ಮೂಲಕ ಪರಿಚಯಿಸಬಾರದು ಎಂಬ ನಿಯಮವನ್ನು ನಾನು ಮನಃಪೂರ್ವಕವಾಗಿ ಸಮರ್ಥಿಸುತ್ತೇನೆ. ಆದರೆ ಜಾಹೀರಾತನ್ನು ತಡೆದವರು ಅದರ ಜಾಗದಲ್ಲಿ ರೋಗಿಯ ಕೈಗೆ ಏನನ್ನು ಕೊಟ್ಟಿದ್ದಾರೆ ಎಂದು ನೀವು ಕೇಳಿದರೆ, ನಮ್ಮ ದೇಶದ ಮಟ್ಟಿಗೆ ಹೇಳಿಕೊಳ್ಳುವಂಥ ಉತ್ತರವಿಲ್ಲ, ಮತ್ತು ಅಲ್ಲಿ ನಿಮ್ಮ ಅಸಮಾಧಾನ ನ್ಯಾಯವಾದದ್ದೇ.

ನೀವು ನ್ಯೂಜೆರ್ಸಿಯಲ್ಲಿ ನೋಡಿದ್ದು ಜಗತ್ತಿನ ಸಾಮಾನ್ಯ ಪದ್ಧತಿಯಲ್ಲ. ಇಂಥ ಔಷಧದ ಹೆಸರನ್ನೂ ಅದು ಯಾವ ಕಾಯಿಲೆಗೆ ಎಂಬುದನ್ನೂ ಒಟ್ಟಿಗೆ ಹೇಳಿ ಜನರಿಗೆ ಜಾಹೀರಾತು ನೀಡಲು ಪೂರ್ಣ ಅವಕಾಶವಿರುವ ಶ್ರೀಮಂತ ದೇಶಗಳು ಅಮೆರಿಕ ಮತ್ತು ನ್ಯೂಜಿಲೆಂಡ್ ಎರಡೇ. ಅಮೆರಿಕದಲ್ಲಿಯೂ ಇದು ಬಹಳ ಹಳೆಯದೇನಲ್ಲ. 1962ರ ಕಾನೂನು ತಿದ್ದುಪಡಿಯ ಮೂಲಕ ಇಂಥ ಔಷಧಗಳ ಜಾಹೀರಾತಿನ ಮೇಲ್ವಿಚಾರಣೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ, ಅಂದರೆ ಎಫ್‌ಡಿಎಗೆ, ಬಂದಾಗ ಜಾಹೀರಾತುಗಳೆಲ್ಲ ವೈದ್ಯಕೀಯ ಪತ್ರಿಕೆಗಳಲ್ಲಿ ವೈದ್ಯರಿಗಾಗಿಯೇ ಬರುತ್ತಿದ್ದವು. ಔಷಧದ ಗುಣವನ್ನು ಹೇಳಿದರೆ ಅದರ ಅಪಾಯಗಳ ಸಾರಾಂಶವನ್ನೂ ಜೊತೆಗೇ ಕೊಡಬೇಕೆಂಬ ನಿಯಮವಿತ್ತು. ಪತ್ರಿಕೆಯಲ್ಲಾದರೆ ಸಣ್ಣ ಅಕ್ಷರದಲ್ಲಿ ಅದನ್ನು ಅಚ್ಚು ಮಾಡಬಹುದು. ಟಿವಿಯಲ್ಲಿ ಒಂದು ನಿಮಿಷದೊಳಗೆ ಓದಿ ಮುಗಿಸಲಾಗದು. ಎಂಬತ್ತರ ದಶಕದ ಮೊದಲಲ್ಲಿ ಒಂದೆರಡು ಕಂಪನಿಗಳು ನೇರವಾಗಿ ಜನರತ್ತ ಜಾಹೀರಾತು ತಿರುಗಿಸಿದಾಗ, ಎಫ್‌ಡಿಎ 1983ರಿಂದ 1985ರವರೆಗೆ ಅಂಥ ಜಾಹೀರಾತುಗಳನ್ನು ನಿಲ್ಲಿಸುವಂತೆ ಕಂಪನಿಗಳನ್ನು ಕೇಳಿಕೊಂಡು ಆಲೋಚಿಸಿತು. ಆಮೇಲೂ ಆ ಸಾರಾಂಶದ ನಿಯಮವೇ ಟಿವಿಗೆ ಅಡ್ಡಗೋಡೆಯಾಗಿ ನಿಂತಿತ್ತು.

ಆ ಗೋಡೆಯಲ್ಲಿ ಬಾಗಿಲು ತೆರೆದದ್ದು 1997ರಲ್ಲಿ, ಮತ್ತು ಅದನ್ನು ತೆರೆದದ್ದು ಹೊಸ ಕಾನೂನಲ್ಲ, ಎಫ್‌ಡಿಎಯ ಒಂದು ಮಾರ್ಗಸೂಚಿ. ಮುಖ್ಯ ಅಪಾಯಗಳನ್ನಷ್ಟೇ ಬಾಯಲ್ಲಿ ಹೇಳಿ, ಉಳಿದ ವಿವರಕ್ಕೆ ಒಂದು ದೂರವಾಣಿ ಸಂಖ್ಯೆ, ಒಂದು ಜಾಲತಾಣ, ಒಂದು ಪತ್ರಿಕಾ ಜಾಹೀರಾತು, ಜೊತೆಗೆ 'ನಿಮ್ಮ ವೈದ್ಯರನ್ನು ಕೇಳಿ' ಎಂಬ ಮಾತು ಇದ್ದರೆ ಸಾಕು ಎಂದು ಅದು ಒಪ್ಪಿಕೊಂಡಿತು. ಆ ವರ್ಷ ಇಂಥ ಜಾಹೀರಾತಿಗೆ ಕಂಪನಿಗಳು ಖರ್ಚು ಮಾಡಿದ್ದು ಸುಮಾರು 130 ಕೋಟಿ ಡಾಲರ್; 2016ರ ಹೊತ್ತಿಗೆ ಅದು ಸುಮಾರು 600 ಕೋಟಿ ಡಾಲರಿಗೆ ಮುಟ್ಟಿತ್ತು. ಜಾಹೀರಾತು ಪ್ರಸಾರವಾಗುವ ಮೊದಲು ಎಫ್‌ಡಿಎ ಅದನ್ನು ನೋಡಿ ಒಪ್ಪಿಗೆ ಕೊಟ್ಟಿರುತ್ತದೆ ಎಂದು ಅಲ್ಲಿನ ಜನ ಭಾವಿಸುವುದುಂಟು. ಹಾಗೇನಿಲ್ಲ. ಕಂಪನಿ ಜಾಹೀರಾತನ್ನು ಮೊದಲ ಸಲ ಬಳಸುವಾಗ ಅದರ ಪ್ರತಿಯನ್ನು ಸಲ್ಲಿಸಿದರಾಯಿತು. ತಪ್ಪು ಕಂಡರೆ ಎಫ್‌ಡಿಎ ಪತ್ರ ಬರೆಯುತ್ತದೆ. ಪತ್ರ ಹೋಗುವಷ್ಟರಲ್ಲಿ ಜಾಹೀರಾತು ತನ್ನ ಕೆಲಸ ಮುಗಿಸಿರುತ್ತದೆ.

ಈ ಜಾಹೀರಾತುಗಳ ಮುಖ್ಯ ದೋಷ ಸುಳ್ಳು ಎಂದು ನಾನು ಹೇಳುವುದಿಲ್ಲ. ನೇರವಾದ ಸುಳ್ಳು ಅವುಗಳಲ್ಲಿ ಕಡಿಮೆ. ದೋಷವಿರುವುದು ಹೊತ್ತಿನಲ್ಲಿ. ಪೇಟೆಂಟ್ ಇರುವ ಹೊಸ ಔಷಧಕ್ಕೆ ಮಾತ್ರ ಯಾರಾದರೂ ಇಷ್ಟು ದುಡ್ಡು ಸುರಿಯುತ್ತಾರೆ. ದಶಕಗಳಿಂದ ಸಕ್ಕರೆ ಕಾಯಿಲೆಗೆ ಎಲ್ಲರೂ ಬರೆಯುತ್ತಿರುವ ಅಗ್ಗದ ಮೆಟ್‌ಫಾರ್ಮಿನ್ ಮಾತ್ರೆಗೆ ಟಿವಿಯಲ್ಲಿ ಹಾಡು ಕಟ್ಟುವವರು ಯಾರೂ ಇಲ್ಲ. ಔಷಧ ಹೊಸದಾಗಿದ್ದಷ್ಟೂ ಅದರ ಬಗ್ಗೆ ನಮಗೆ ತಿಳಿದಿರುವುದು ಕಡಿಮೆ. ಅನುಮತಿಗೆ ಮುಂಚಿನ ಪರೀಕ್ಷೆಗಳಲ್ಲಿ ಕೆಲವು ಸಾವಿರ ಜನರು ಭಾಗವಹಿಸಿರುತ್ತಾರೆ, ಅವರನ್ನೂ ಆಯ್ದು ತೆಗೆದಿರುತ್ತಾರೆ: ಮೂತ್ರಪಿಂಡ ಸೋತವರು, ತೀರ ವಯಸ್ಸಾದವರು, ಏಳೆಂಟು ಮಾತ್ರೆಗಳನ್ನು ಒಟ್ಟಿಗೆ ನುಂಗುವವರು ಅದರಲ್ಲಿ ವಿರಳ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವ ಕೇಡು ಗೊತ್ತಾಗಬೇಕಾದರೆ ಲಕ್ಷಾಂತರ ಜನ ಬಳಸಬೇಕು. ಜಾಣತನವೆಂದರೆ ಆ ಮೊದಲ ವರ್ಷಗಳಲ್ಲಿ ಬಳಕೆ ನಿಧಾನವಾಗಿ ಏರುವಂತೆ ನೋಡಿಕೊಳ್ಳುವುದು. ಜಾಹೀರಾತು ಮಾಡುವುದು ಸರಿಯಾಗಿ ಇದರ ವಿರುದ್ಧದ ಕೆಲಸವನ್ನು.

ವಯಾಕ್ಸ್ ಎಂಬ ನೋವಿನ ಮಾತ್ರೆಯ ಕಥೆಯನ್ನು ನಾನು ಪ್ರತಿ ವರ್ಷವೂ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಮರ್ಕ್ ಕಂಪನಿಯ ಈ ಔಷಧಕ್ಕೆ ಅಮೆರಿಕದಲ್ಲಿ 1999ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿತು. ಹಳೆಯ ನೋವಿನ ಮಾತ್ರೆಗಳಿಗಿಂತ ಇದು ಹೊಟ್ಟೆಗೆ ಸೌಮ್ಯ ಎಂಬುದು ಇದರ ವಿಶೇಷ, ಮತ್ತು ಜಠರದ ಹುಣ್ಣಿನ ಭಯವಿರುವ ಕೆಲವರಿಗೆ ಅದು ನಿಜವಾಗಿಯೂ ಉಪಯುಕ್ತವಾಗಬಹುದಿತ್ತು. ಆದರೆ 2000ನೇ ಇಸವಿಯೊಂದರಲ್ಲೇ ಇದರ ಜಾಹೀರಾತಿಗೆ ಸುಮಾರು 16 ಕೋಟಿ ಡಾಲರ್ ಖರ್ಚಾಯಿತು. ಆ ವರ್ಷ ಪೆಪ್ಸಿ ತಂಪು ಪಾನೀಯದ ಜಾಹೀರಾತಿಗೆ ಆದ ಖರ್ಚು ಅದಕ್ಕಿಂತ ಕಡಿಮೆ. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸ್ಕೇಟಿಂಗ್ ಪಟು ಡೊರೊಥಿ ಹ್ಯಾಮಿಲ್ ಟಿವಿಯಲ್ಲಿ ಬಂದು ತಮ್ಮ ಕೀಲುನೋವಿನ ಮಾತಾಡಿದರು. ಹುಣ್ಣಿನ ಭಯ ಇಲ್ಲದವರೂ, ಎಂದರೆ ಹಳೆಯ ಅಗ್ಗದ ಮಾತ್ರೆಯೇ ಸಾಕಾಗಿದ್ದವರೂ, ಇದನ್ನೇ ಕೇಳಿ ಬರೆಸಿಕೊಂಡರು. ಹೃದಯಾಘಾತದ ಸುಳಿವು 2000ದ ಒಂದು ದೊಡ್ಡ ಅಧ್ಯಯನದಲ್ಲೇ ಕಾಣಿಸಿತ್ತು. ಔಷಧದ ವಿವರಪತ್ರದಲ್ಲಿ ಆ ಎಚ್ಚರಿಕೆ ಸೇರಿದ್ದು 2002ರಲ್ಲಿ. ಕಂಪನಿ ತಾನಾಗಿ ಔಷಧವನ್ನು ಹಿಂತೆಗೆದುಕೊಂಡದ್ದು 2004ರ ಸೆಪ್ಟೆಂಬರ್ 30ರಂದು. ಅಷ್ಟರಲ್ಲಿ ಎರಡು ಕೋಟಿಗೂ ಹೆಚ್ಚು ಅಮೆರಿಕನ್ನರು ಅದನ್ನು ನುಂಗಿದ್ದರು. ಗಂಭೀರ ಹೃದಯರೋಗದ 88,000ದಿಂದ 1,40,000 ಹೆಚ್ಚುವರಿ ಪ್ರಕರಣಗಳು ಇದರಿಂದ ಉಂಟಾಗಿರಬಹುದು ಎಂದು ಎಫ್‌ಡಿಎಯಲ್ಲಿಯೇ ಇದ್ದ ಡೇವಿಡ್ ಗ್ರಹಾಂ ಮತ್ತು ಸಂಗಡಿಗರು ಅಂದಾಜು ಮಾಡಿದರು. ಅದೇ ಮೂಲವಸ್ತು, ರೋಫೆಕಾಕ್ಸಿಬ್, ನಮ್ಮಲ್ಲಿಯೂ ಹಲವು ಹೆಸರುಗಳಲ್ಲಿ ಮಾರಾಟವಾಗುತ್ತಿತ್ತು. 2004ರ ಡಿಸೆಂಬರ್‌ನಲ್ಲಿ ಭಾರತ ಸರಕಾರ ಅದನ್ನು ನಿಷೇಧಿಸಿತು. ಎಲ್ಲ ಕೇಡಿಗೂ ಜಾಹೀರಾತೇ ಕಾರಣ ಎನ್ನಲಾಗದು. ವೈದ್ಯರೇ ಮುಗಿಬಿದ್ದು ಬರೆದ ಚೀಟಿಗಳೂ ಲೆಕ್ಕವಿಲ್ಲದಷ್ಟಿದ್ದವು. ಆದರೆ ನಿಧಾನವಾಗಿ ಹರಡಬೇಕಾಗಿದ್ದ ಔಷಧವನ್ನು ಅಷ್ಟು ಬೇಗ ಅಷ್ಟು ಮನೆಗಳಿಗೆ ಮುಟ್ಟಿಸುವಲ್ಲಿ ಜಾಹೀರಾತಿನ ಪಾಲು ದೊಡ್ಡದು. ಈ ಪಾಠದಿಂದಲೇ 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ತಜ್ಞರ ಸಮಿತಿಯೊಂದು, ಹೊಸ ಔಷಧಕ್ಕೆ ಮೊದಲ ಎರಡು ವರ್ಷ ಜನರಿಗೆ ಜಾಹೀರಾತು ಕೊಡಬಾರದು ಎಂದು ಸಲಹೆ ಮಾಡಿತು. ಅದು ಜಾರಿಗೆ ಬರಲಿಲ್ಲ.

'ಜಾಹೀರಾತು ಹೇಳಿದ್ದನ್ನೆಲ್ಲ ಡಾಕ್ಟರು ಬರೆದುಕೊಟ್ಟುಬಿಡುತ್ತಾರೆಯೇ, ಅವರಿಗೆ ವಿವೇಚನೆ ಇಲ್ಲವೇ' ಎಂದು ನೀವು ಕೇಳಬಹುದು. ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಕ್ರಾವಿಟ್ಜ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯಂತೆ ನಟಿಸಲು ತರಬೇತಿ ಪಡೆದ ಮಹಿಳೆಯರು 152 ವೈದ್ಯರ ಬಳಿಗೆ ಒಟ್ಟು 298 ಬಾರಿ ಹೋದರು. ಕೆಲವರು ನಿಜವಾದ ಖಿನ್ನತೆಯ ಲಕ್ಷಣಗಳನ್ನು ಹೇಳಿದರು. ಉಳಿದವರು ಬದುಕಿನ ಒಂದು ಪೆಟ್ಟಿನಿಂದ ಕೆಲವು ಕಾಲ ಮನಸ್ಸು ಕುಗ್ಗಿರುವ, ಸಾಮಾನ್ಯವಾಗಿ ಮಾತ್ರೆ ಬೇಕಿಲ್ಲದ ಸ್ಥಿತಿಯನ್ನು ಹೇಳಿದರು. ಒಂದಷ್ಟು ಮಂದಿ ಟಿವಿಯಲ್ಲಿ ನೋಡಿದ ಒಂದು ಬ್ರ್ಯಾಂಡಿನ ಮಾತ್ರೆಯನ್ನು ಹೆಸರಿಟ್ಟು ಕೇಳಿದರು, ಒಂದಷ್ಟು ಮಂದಿ ಖಿನ್ನತೆಯ ಬಗ್ಗೆ ಕಾರ್ಯಕ್ರಮ ನೋಡಿದೆ, ಔಷಧದಿಂದ ನನಗೆ ಸಹಾಯವಾದೀತೇ ಎಂದಷ್ಟೇ ಕೇಳಿದರು, ಮಿಕ್ಕವರು ಏನನ್ನೂ ಕೇಳಲಿಲ್ಲ. ಮಾತ್ರೆ ಬೇಕಿಲ್ಲದ ಎರಡನೆಯ ಗುಂಪಿನಲ್ಲಿ, ಏನೂ ಕೇಳದಿದ್ದವರ ಪೈಕಿ ಶೇ. 10ರಷ್ಟು ಭೇಟಿಗಳಲ್ಲಿ ಖಿನ್ನತೆಯ ಮಾತ್ರೆ ಬರೆಯಲಾಯಿತು. ಬ್ರ್ಯಾಂಡ್ ಹೆಸರಿಟ್ಟು ಕೇಳಿದವರ ಪೈಕಿ ಶೇ. 55ರಷ್ಟು ಭೇಟಿಗಳಲ್ಲಿ. ಎದುರಿಗೆ ಕುಳಿತು ಕೇಳುವ ರೋಗಿಗೆ ಇಲ್ಲವೆನ್ನುವುದು ಎಷ್ಟು ಕಷ್ಟ ಎಂಬುದನ್ನು ಹೊರರೋಗಿ ವಿಭಾಗದಲ್ಲಿ ಕೂತ ನಮ್ಮಂಥವರೆಲ್ಲ ಬಲ್ಲೆವು. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಚೀಟಿ ಬರೆಯಲು ಅರ್ಧ ನಿಮಿಷ ಸಾಕು, ಏಕೆ ಬೇಡ ಎಂದು ವಿವರಿಸಲು ಹತ್ತು ನಿಮಿಷ ಬೇಕು.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ಹೇಳದಿದ್ದರೆ ನಾನು ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ, ಏಕೆಂದರೆ ಜಾಹೀರಾತಿನ ಪರವಾಗಿರುವವರ ಅತ್ಯಂತ ಗಟ್ಟಿಯಾದ ವಾದ ಅದರಲ್ಲಿದೆ. ನಿಜವಾಗಿ ಖಿನ್ನತೆ ಇದ್ದ ಗುಂಪಿನಲ್ಲಿ, ಏನೂ ಕೇಳದೆ ಕುಳಿತವರ ಪೈಕಿ ಶೇ. 56ರಷ್ಟು ಮಂದಿಗೆ ಮಾತ್ರ ಕನಿಷ್ಠ ಮಟ್ಟದ ಸರಿಯಾದ ಆರೈಕೆ ಸಿಕ್ಕಿತು. ಬ್ರ್ಯಾಂಡ್ ಕೇಳಿದವರಲ್ಲಿ ಅದು ಶೇ. 90. ಬಾಯಿಬಿಟ್ಟು ಕೇಳಿದ ರೋಗಿಗೆ ಲಾಭವಾಯಿತು ಎಂಬುದು ಸತ್ಯ. ಆದರೆ ಎಲ್ಲರಿಗಿಂತ ಚೆನ್ನಾಗಿ ಆರೈಕೆ ಪಡೆದವರು, ಅಂದರೆ ಶೇ. 98ರಷ್ಟು, ಯಾವ ಬ್ರ್ಯಾಂಡನ್ನೂ ಹೆಸರಿಸದೆ ತಮ್ಮ ತೊಂದರೆಯ ಬಗ್ಗೆ ವಿಚಾರಿಸಿದವರು. ಮಾತ್ರೆ ಬೇಕಿಲ್ಲದ ಗುಂಪಿನಲ್ಲಿಯೂ ಹೀಗೆ ವಿಚಾರಿಸಿದವರಿಗೆ ಅನಗತ್ಯ ಮಾತ್ರೆ ಬರೆದದ್ದು ಬ್ರ್ಯಾಂಡ್ ಕೇಳಿದವರಿಗಿಂತ ಕಡಿಮೆ, ಶೇ. 39. ರೋಗಿಗೆ ಒಳಿತಾದದ್ದು ಕಾಯಿಲೆಯ ಅರಿವಿನಿಂದ, ಧೈರ್ಯವಾಗಿ ಕೇಳಿದ್ದರಿಂದ. ಬ್ರ್ಯಾಂಡಿನ ಹೆಸರು ಅದಕ್ಕೆ ಕೂಡಿಸಿದ್ದು ಏನೂ ಇಲ್ಲ. ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರದ ತಿರುಳು ಇಷ್ಟೇ.

ಹಾಗಾದರೆ ಅಮೆರಿಕ ಏಕೆ ನಿಷೇಧಿಸುವುದಿಲ್ಲ? ಅಲ್ಲಿನ ವೈದ್ಯರ ಸಂಘವೇ 2015ರಲ್ಲಿ ನಿಷೇಧವನ್ನು ಕೇಳಿತು. ಅಡ್ಡಿಯಾಗಿರುವುದು ಅವರ ಸಂವಿಧಾನದ ವಾಕ್‌ಸ್ವಾತಂತ್ರ್ಯದ ವ್ಯಾಖ್ಯಾನ. 1976ರ ವರ್ಜೀನಿಯಾ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ವ್ಯಾಪಾರದ ಮಾತಿಗೂ ಸಂವಿಧಾನದ ರಕ್ಷಣೆ ಇದೆ ಎಂದಿತು. ಆ ಪ್ರಕರಣ ಹುಟ್ಟಿದ್ದು ಔಷಧದಂಗಡಿಯವರು ಮಾತ್ರೆಗಳ ಬೆಲೆಯನ್ನು ಜಾಹೀರು ಮಾಡಬಾರದೆಂಬ ರಾಜ್ಯದ ನಿಯಮದಿಂದ, ಗ್ರಾಹಕರು ಬೆಲೆ ತಿಳಿಯಬೇಕೆಂದು ಹೂಡಿದ ದಾವೆಯಿಂದ. ಆದರೆ ತಿಂಗಳಿಗೆ 35 ಡಾಲರಿಗಿಂತ ಹೆಚ್ಚು ಬೆಲೆಯ ಔಷಧದ ಟಿವಿ ಜಾಹೀರಾತಿನಲ್ಲಿ ಬೆಲೆಯನ್ನೂ ತೋರಿಸಬೇಕೆಂದು 2019ರಲ್ಲಿ ಸರಕಾರದ ಆರೋಗ್ಯ ಇಲಾಖೆ ನಿಯಮ ಮಾಡಿದಾಗ, ಔಷಧ ಕಂಪನಿಗಳೇ ನ್ಯಾಯಾಲಯಕ್ಕೆ ಹೋದವು, ಮತ್ತು ಆ ಇಲಾಖೆಗೆ ಅಂಥ ಅಧಿಕಾರವಿಲ್ಲವೆಂದು ನಿಯಮ ಬಿದ್ದುಹೋಯಿತು. ಗ್ರಾಹಕರ ತಿಳಿಯುವ ಹಕ್ಕಿಗಾಗಿ ಜಾಹೀರಾತು ಎನ್ನುವವರು ಬೆಲೆಯ ಮಟ್ಟಿಗೆ ಆ ಹಕ್ಕನ್ನು ಒಪ್ಪಲಿಲ್ಲ ಎಂಬುದನ್ನು ನೀವು ಮರೆಯಬಾರದು.

ಪೂರ್ಣ ನಿಷೇಧ ಕಷ್ಟವಾದ್ದರಿಂದ ಅಲ್ಲಿ ಅಂಚುಗಳನ್ನು ಬಿಗಿ ಮಾಡುತ್ತಿದ್ದಾರೆ. ಅಪಾಯಗಳನ್ನು ಹೇಳುವಾಗ ಮಾತೂ ಪರದೆಯ ಮೇಲಿನ ಅಕ್ಷರವೂ ಒಟ್ಟಿಗೆ ಇರಬೇಕು, ಗಮನವನ್ನು ಬೇರೆಡೆಗೆ ಸೆಳೆಯುವ ದೃಶ್ಯವೋ ಸಂಗೀತವೋ ಆಗ ಇರಬಾರದು ಎಂಬ ನಿಯಮ 2024ರಿಂದ ಜಾರಿಯಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರ ಆದೇಶ ಪತ್ರವೊಂದು ಹೊರಟು, ಎಫ್‌ಡಿಎ ಕಂಪನಿಗಳಿಗೆ ಸಾವಿರಾರು ಎಚ್ಚರಿಕೆಯ ಪತ್ರಗಳನ್ನು ಕಳಿಸುವುದಾಗಿಯೂ, 1997ರ ಆ ಸಡಿಲಿಕೆಯನ್ನು ನಿಯಮದ ಮೂಲಕವೇ ಮುಚ್ಚುವುದಾಗಿಯೂ ಪ್ರಕಟಿಸಿತು. ನಿಮ್ಮ ಅಳಿಯಂದಿರು ಹೇಳಿದ್ದು ಬಹುಶಃ ಇದನ್ನೇ. ಅದು ನಿಜವಾಗಿ ಜಾರಿಯಾದರೆ, ಪೂರ್ಣ ಸಾರಾಂಶವನ್ನು ಹೇಳಬೇಕಾಗಿ ಬಂದು ಟಿವಿ ಜಾಹೀರಾತು ತನ್ನ ಉದ್ದಕ್ಕೇ ಸೋಲುತ್ತದೆ.

ಈಗ ನಮ್ಮ ದೇಶಕ್ಕೆ ಬರೋಣ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ಮಧುಮೇಹ, ಕ್ಯಾನ್ಸರ್, ಬೊಜ್ಜು ಮೊದಲಾದ ಅನೇಕ ಕಾಯಿಲೆಗಳ ಪಟ್ಟಿ ಮಾಡಿ, ಅವನ್ನು ವಾಸಿ ಮಾಡುತ್ತೇವೆಂಬ ಜಾಹೀರಾತನ್ನು ಅಪರಾಧವೆಂದು ಸಾರಿತು. ಅದನ್ನು ಪ್ರಶ್ನಿಸಿ ಹಮ್‌ದರ್ದ್ ದವಾಖಾನದವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1959ರ ಡಿಸೆಂಬರ್‌ನಲ್ಲಿ ಕಾಯಿದೆಯ ಕೆಲವು ಭಾಗಗಳನ್ನು ತೆಗೆದುಹಾಕಿದರೂ, ಇಂಥ ಜಾಹೀರಾತು ವ್ಯಾಪಾರವೇ ಹೊರತು ವಾಕ್‌ಸ್ವಾತಂತ್ರ್ಯವಲ್ಲ ಎಂದಿತು. 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ವ್ಯಾಪಾರದ ಮಾತಿಗೂ ಆ ಸ್ವಾತಂತ್ರ್ಯದಲ್ಲಿ ಪಾಲಿದೆ ಎಂದು ನ್ಯಾಯಾಲಯ ನಿಲುವನ್ನು ಸಡಿಲಿಸಿತಾದರೂ, ಸಮಂಜಸವಾದ ನಿರ್ಬಂಧಕ್ಕೆ ನಮ್ಮ ಸಂವಿಧಾನ ಜಾಗ ಬಿಟ್ಟಿದೆ. ಇದರ ಜೊತೆಗೆ ಷೆಡ್ಯೂಲ್ ಎಚ್, ಎಚ್1 ಮತ್ತು ಎಕ್ಸ್ ಪಟ್ಟಿಗಳಲ್ಲಿರುವ, ಅಂದರೆ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ, ಔಷಧಗಳನ್ನು ಕೇಂದ್ರ ಸರಕಾರದ ಮುಂಗಡ ಅನುಮತಿಯಿಲ್ಲದೆ ಜಾಹೀರು ಮಾಡಬಾರದೆಂದು 2015ರಲ್ಲಿ ನಿಯಮಕ್ಕೆ ಸೇರಿಸಲಾಯಿತು.

ಕಾಗದದ ಮೇಲೆ ಇದು ಸಾಕಷ್ಟು ಬಿಗಿಯಾಗಿದೆ. ಆದರೆ ಔಷಧದ ಹೆಸರೆತ್ತದೆ ಕಾಯಿಲೆಯ ಹೆಸರನ್ನಷ್ಟೇ ಹೇಳುವ ಜಾಹೀರಾತಿಗೆ ಈ ಬೇಲಿ ಅಡ್ಡ ಬರುವುದಿಲ್ಲ. ತೂಕ ಇಳಿಸುವ ಇಂಜೆಕ್ಷನ್‌ಗಳು 2025ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಮೇಲೆ, 'ಬೊಜ್ಜು ಒಂದು ಕಾಯಿಲೆ, ವೈದ್ಯರೊಂದಿಗೆ ಮಾತಾಡಿ' ಎಂಬ ಧಾಟಿಯ ಮಾತು ನಮ್ಮ ಕಿವಿಗೆ ಹೆಚ್ಚು ಬೀಳುತ್ತಿದೆ. ಮಾತು ತಪ್ಪಲ್ಲ, ಬೊಜ್ಜು ನಿಜವಾಗಿಯೂ ಕಾಯಿಲೆಯೇ. ಆದರೆ ಆ ಅರಿವಿನ ಖರ್ಚನ್ನು ಔಷಧ ಮಾರುವವರೇ ಹೊತ್ತರೆ, ಕಾಯಿಲೆಯ ಗಡಿ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಅವರೇ ಗೆರೆ ಎಳೆದು ಹೇಳಿದಂತಾಗುತ್ತದೆ. ಮದುವೆಗೆ ಮುಂಚೆ ಐದು ಕಿಲೋ ಇಳಿಸಬೇಕೆಂದು ಆ ಇಂಜೆಕ್ಷನ್ ಕೇಳಿಕೊಂಡು ಬಂದ ತರುಣಿಯನ್ನು ನಾನು ಕಂಡಿದ್ದೇನೆ. ಅವಳ ತೂಕ ಸರಿಯಾಗಿಯೇ ಇತ್ತು. ಕಂಪನಿಯ ದುಡ್ಡಿನಿಂದ ನಡೆಯುವ ಕಾಯಿಲೆ ಅರಿವಿನ ಜಾಹೀರಾತನ್ನೂ ನಿಯಮದೊಳಗೆ ತರಬೇಕು, ಕನಿಷ್ಠ ಅದರ ಮೇಲೆ ಕಂಪನಿಯ ಹೆಸರೂ, ಅದೇ ಕಾಯಿಲೆಗೆ ಅದು ಔಷಧ ಮಾರುತ್ತಿದೆ ಎಂಬ ಮಾತೂ ದಪ್ಪ ಅಕ್ಷರದಲ್ಲಿ ಇರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಿಮ್ಮ ದೂರಿನ ನ್ಯಾಯವಾದ ಅರ್ಧಕ್ಕೆ ಈಗ ಬರುತ್ತೇನೆ. ಯುರೋಪಿನ ದೇಶಗಳ ಒಕ್ಕೂಟ 1992ರ ಮಾರ್ಚ್ 31ರಂದು ಔಷಧಗಳ ಬಗ್ಗೆ ಕೆಲವು ನಿರ್ದೇಶನಗಳನ್ನು ಒಂದೇ ದಿನ ಹೊರಡಿಸಿತು. ಒಂದು, ಚೀಟಿಯ ಮೇಲೆ ಕೊಡುವ ಔಷಧಗಳ ಜಾಹೀರಾತನ್ನು ಜನರಿಗೆ ಕೊಡಬಾರದು ಎಂದಿತು. ಇನ್ನೊಂದು, ಔಷಧದ ಪೊಟ್ಟಣದೊಳಗೆ ರೋಗಿ ಓದಲೆಂದೇ ಬರೆದ ಮಾಹಿತಿ ಪತ್ರ ಇರಬೇಕು, ಅದು ಆಯಾ ದೇಶದ ಭಾಷೆಯಲ್ಲಿ, ರೋಗಿಗೆ ಅರ್ಥವಾಗುವ ಮಾತಿನಲ್ಲಿ ಇರಬೇಕು ಎಂದಿತು. ಯುರೋಪು ಬಾಯಿ ಮುಚ್ಚಿಸಿದ್ದು ಮಾರುವವನದ್ದು ಮಾತ್ರ. ರೋಗಿಯ ಕೈಗೆ ಓದುವ ಕಾಗದವನ್ನು ಕೊಟ್ಟೇ ಆ ಕೆಲಸ ಮಾಡಿತು. ನಾವು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟೆವು. ನಿಮ್ಮ ಮನೆಯ ಮಾತ್ರೆ ಡಬ್ಬಿಯನ್ನು ತೆರೆದು ನೋಡಿ. ಮೆಡಿಕಲ್ ಶಾಪಿನವರು ಕತ್ತರಿಸಿ ಕೊಟ್ಟ ಪಟ್ಟಿಯ ತುಂಡಿನಲ್ಲಿ ಕೆಲವೊಮ್ಮೆ ಮಾತ್ರೆಯ ಪೂರ್ತಿ ಹೆಸರೂ ಉಳಿದಿರುವುದಿಲ್ಲ. ಪೊಟ್ಟಣದೊಳಗೆ ಕಾಗದವಿದ್ದರೂ ಅದು ಇಂಗ್ಲಿಷಿನಲ್ಲಿ, ವೈದ್ಯರನ್ನು ಉದ್ದೇಶಿಸಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕನ್ನಡದಲ್ಲಿ, ಓದಬಲ್ಲ ಅಕ್ಷರದಲ್ಲಿ, ಈ ಮಾತ್ರೆ ಏತಕ್ಕೆ, ಯಾರು ನುಂಗಬಾರದು, ಯಾವ ಲಕ್ಷಣ ಕಂಡರೆ ನಿಲ್ಲಿಸಿ ವೈದ್ಯರ ಬಳಿಗೆ ಓಡಬೇಕು ಎಂದು ಹೇಳುವ ಒಂದು ಪುಟ ಪ್ರತಿ ಔಷಧಕ್ಕೂ ಸಿಗಬೇಕು. ಮಾತ್ರೆಯ ಪಟ್ಟಿಯ ಮೇಲೆ ಕ್ಯೂಆರ್ ಕೋಡಿನಂಥ ಒಂದು ಸಂಕೇತವನ್ನು ಅಚ್ಚು ಮಾಡಿ ಫೋನಿನಲ್ಲಿ ಅದನ್ನು ತೆರೆಯುವಂತೆ ಮಾಡಲು ಇಂದು ತಾಂತ್ರಿಕವಾದ ಅಡ್ಡಿಯೇನೂ ಇಲ್ಲ. ಇದಾಗುವವರೆಗೆ ನಿಷೇಧದ ಕೆಲಸ ಅರ್ಧಕ್ಕೇ ನಿಂತಿದೆ ಎಂದು ನಾನು ತಿಳಿಯುತ್ತೇನೆ.

ಇನ್ನು ನಿಮ್ಮ ಯಜಮಾನರ ಚೀಟಿಯ ವಿಷಯ. ಜಾರ್ಡಿಯನ್ಸ್ ಎಂಬುದು ಎಂಪಾಗ್ಲಿಫ್ಲೋಜಿನ್ ಎಂಬ ಔಷಧದ ಬ್ರ್ಯಾಂಡ್ ಹೆಸರು. ಸಕ್ಕರೆ ಕಾಯಿಲೆಯ ಜೊತೆಗೆ ಹೃದಯದ ಅಥವಾ ಮೂತ್ರಪಿಂಡದ ತೊಂದರೆ ಇರುವ ಅನೇಕರಿಗೆ ಇದು ನಿಜವಾಗಿಯೂ ಒಳ್ಳೆಯ ಔಷಧ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಭಾರತದಲ್ಲಿ ಇದರ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದು, ಹತ್ತಾರು ಕಂಪನಿಗಳು ಬೇರೆ ಬೇರೆ ಹೆಸರುಗಳಲ್ಲಿ, ಹಿಂದಿಗಿಂತ ಬಹಳ ಕಡಿಮೆ ಬೆಲೆಗೆ ಇದನ್ನು ಮಾರುತ್ತಿವೆ ಎಂಬುದನ್ನು ಆ ಜಾಹೀರಾತು ಅವರಿಗೆ ಹೇಳಲಿಲ್ಲ. ಅವರು ಈಗಾಗಲೇ ಇದೇ ಔಷಧವನ್ನೋ ಇದರ ದಾಯಾದಿಯಾದ ಡಾಪಾಗ್ಲಿಫ್ಲೋಜಿನ್ನನ್ನೋ ಬೇರೆ ಹೆಸರಿನಲ್ಲಿ ನುಂಗುತ್ತಿರಬಹುದು, ಇಲ್ಲವೇ ಎರಡು ಔಷಧ ಬೆರೆಸಿದ ಮಾತ್ರೆಯೊಳಗೆ ಅದು ಇರಬಹುದು. ಹಾಗಿದ್ದು ಇನ್ನೊಂದನ್ನು ಸೇರಿಸಿದರೆ ಅಪಾಯ. ಈ ಗುಂಪಿನ ಔಷಧಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಜನನಾಂಗದ ಶಿಲೀಂಧ್ರ ಸೋಂಕು ಆಗಬಹುದು, ಮೈಯ ನೀರು ಕಡಿಮೆಯಾಗಬಹುದು, ಅಪರೂಪಕ್ಕೆ ರಕ್ತದಲ್ಲಿ ಆಮ್ಲ ಹೆಚ್ಚುವ ಗಂಭೀರ ಸ್ಥಿತಿಯೂ ಬರಬಹುದು. ಆದ್ದರಿಂದ ವಾಂತಿಭೇದಿಯಾದಾಗ, ದೀರ್ಘ ಉಪವಾಸ ಹಿಡಿಯುವ ಮೊದಲು, ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರನ್ನು ಕೇಳಿ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಏಕಾದಶಿಯ ಉಪವಾಸ ಮಾಡುವ ರೂಢಿ ಇದ್ದರೆ ಇದು ಮುಖ್ಯವಾದ ಮಾತು.

ವೈದ್ಯರ ಬಳಿಗೆ ಹೋಗುವಾಗ ಅವರು ಆ ಹೆಸರಿನ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳಲಿ. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಟ್ಟು, 'ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ ನನ್ನ ಹೃದಯಕ್ಕೆ, ಮೂತ್ರಪಿಂಡಕ್ಕೆ ಏನು ಮಾಡಿದೆ ಎಂದು ಪರೀಕ್ಷಿಸಿ ಹೇಳಿ. ಅವನ್ನು ಕಾಪಾಡುವ ಔಷಧ ನನಗೆ ಬೇಕೇ, ಬೇಡವೇ' ಎಂದು ಕೇಳಲಿ. ಬೇಕೆಂದರೆ ಬ್ರ್ಯಾಂಡಿನ ಹೆಸರಿನ ಜೊತೆಗೆ ಮೂಲ ಔಷಧದ ಹೆಸರನ್ನೂ ಬರೆಸಿಕೊಳ್ಳಲಿ, ಬೇಡವೆಂದರೆ ಕಾರಣ ಕೇಳಲಿ. ಯಾವುದೇ ಔಷಧದಿಂದ ತೊಂದರೆಯಾದರೆ ರೋಗಿಗಳೇ ನೇರವಾಗಿ ವರದಿ ಮಾಡಲು ಭಾರತದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ದೂರವಾಣಿ ಸಂಖ್ಯೆ 1800-180-3024 ಇದೆ. ನೀವು ಟೀಚರಾಗಿದ್ದವರು; ಅದನ್ನು ನಿಮ್ಮ ಮನೆಯ ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.